ಗಂಟುಮರದ ಚಾಕು ಹಿಡಿ: ಕೆತ್ತುವ ಮೊದಲು ಒಣಗಿಸಿ

ಕರಾವಳಿಯಲ್ಲಿ ಚಾಕುವಿಗೆ ಮರದ ಹಿಡಿ ಹಾಕಹೊರಟವರು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಗಾಳಿಯಲ್ಲಿರುವ ತೇವವನ್ನು. ಕಾರವಾರ, ಅಂಕೋಲಾ, ಕುಮಟಾಗಳಲ್ಲಿ ಮಳೆಗಾಲದುದ್ದಕ್ಕೂ ಗಾಳಿಯ ಆರ್ದ್ರತೆ ಶೇ 85ರ ಆಸುಪಾಸಿನಲ್ಲಿರುವುದು ಸಾಮಾನ್ಯ. ಅಂಥ ಗಾಳಿಯಲ್ಲಿ ಬಹುಕಾಲ ಇಟ್ಟ ಮರವು ತನ್ನ ಒಣತೂಕದ ಶೇ 17ರಿಂದ 18ರಷ್ಟು ನೀರನ್ನು ಹಿಡಿದುಕೊಳ್ಳುತ್ತದೆ. ಆರ್ದ್ರತೆ ಶೇ 65ಕ್ಕೆ ಇಳಿದರೆ ಅದೇ ಮರದಲ್ಲಿ ಶೇ 12ರಷ್ಟು ನೀರು ಮಾತ್ರ ಉಳಿಯುತ್ತದೆ. ಮರ ಹೀಗೆ ಹಿಗ್ಗಿ ಕುಗ್ಗುತ್ತಿದ್ದರೂ ಅಲಗಿನ ಉಕ್ಕು ತೇವಕ್ಕೆ ಜಗ್ಗುವುದಿಲ್ಲ. ಆದ್ದರಿಂದ ಜುಲೈಯಲ್ಲಿ ಕೂಡಿಸಿದ ಹಿಡಿ ಬೇಸಿಗೆಯಲ್ಲಿ ಕುಗ್ಗಿ, ಉಕ್ಕಿನ ಅಂಚು ಅಂಗೈಗೆ ತಾಗತೊಡಗುತ್ತದೆ. ಬೇಸಿಗೆಯಲ್ಲಿ ಕೂಡಿಸಿದ್ದು ಮಳೆ ಹಿಡಿದ ಮೇಲೆ ಉಬ್ಬುತ್ತದೆ. ಗಂಟುಮರದಲ್ಲಿ ಈ ತೊಂದರೆ ಇನ್ನೂ ಹೆಚ್ಚು.

ಮರದ ಕಾಂಡಕ್ಕೆ ಪೆಟ್ಟೋ ಸೋಂಕೋ ತಗುಲಿದಾಗ, ಚಿಗುರದೆ ಉಳಿದ ಮೊಗ್ಗುಗಳು ಒಂದೇ ಕಡೆ ಗುಂಪುಗೂಡಿ ಬೆಳೆದು ಗಂಟಾಗುವುದುಂಟು. ಅದರೊಳಗೆ ಎಳೆಗಳು ಸುಳಿಸುಳಿಯಾಗಿ, ಕಣ್ಣುಕಣ್ಣಾಗಿ ಓಡುತ್ತವೆ. ನೋಡಲು ಚೆಂದವೆನಿಸುವುದು ಈ ಸುಳಿಗಳಿಂದಲೇ. ಆದರೆ ಎಳೆಗೆ ಒಂದು ದಿಕ್ಕಿಲ್ಲದ ಕಾರಣ ತೇವ ಬದಲಾದಾಗ ತುಂಡು ಎತ್ತ ಬೇಕಾದರೂ ಸೊಟ್ಟಗಾಗಬಹುದು.

ಗಂಟನ್ನು ಕಾಡಿನಿಂದ ಕಡಿದು ತರುವ ಮಾತು ಬೇಡ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅದು ಅಪರಾಧ. ಬೀಟೆ, ತೇಗಗಳಿಗೆ ಸ್ವಂತ ಜಮೀನಿನಲ್ಲಿಯೂ ಅನುಮತಿ ಬೇಕು. ಹಿತ್ತಿಲಲ್ಲಿ ಗಾಳಿಗೆ ಬಿದ್ದ ಹಲಸು, ಮಾವು, ಹುಣಸೆಗಳ ಗಂಟು ಸಿಕ್ಕರೆ ಸಾಕು. ಮೂರರಲ್ಲಿ ನನ್ನ ಆಯ್ಕೆ ಹಲಸು: ಹಳದಿ ಬಣ್ಣ ಕ್ರಮೇಣ ಜೇನುಗಂದಿಗೆ ತಿರುಗುತ್ತದೆ, ಉಜ್ಜಲೂ ಹದವಾಗಿರುತ್ತದೆ. ಗೇರಿನ ಸೊನೆಗೆ ಮೈ ಗುಳ್ಳೆಯೇಳುವವರು ಮಾವಿನ ಮರದ ಹುಡಿಯಿಂದಲೂ ದೂರವಿರುವುದು ಲೇಸು, ಏಕೆಂದರೆ ಎರಡೂ ಒಂದೇ ಕುಟುಂಬದ ಮರಗಳು. ಯಾವ ಮರವಾದರೂ ಉಜ್ಜುವಾಗ ಮುಖಕ್ಕೆ ಒಳ್ಳೆಯ ಮಾಸ್ಕ್ ಇರಲೇಬೇಕು.

ಹಸಿ ಗಂಟನ್ನು ಇಡಿಯಾಗಿ ಇಟ್ಟರೆ ಬಿರಿಯುತ್ತದೆ. ಅದನ್ನು ಸುಮಾರು 140 ಮಿ.ಮೀ. ಉದ್ದ, 45 ಮಿ.ಮೀ. ಅಗಲ, 30 ಮಿ.ಮೀ. ದಪ್ಪದ ತುಂಡುಗಳಾಗಿ ಕೊಯ್ಯಿಸಿ, ಎಲ್ಲ ಮೈಗೂ ಕರಗಿಸಿದ ಮೇಣ ಬಳಿದು, ಗಾಳಿಯಾಡುವ ನೆರಳಿನಲ್ಲಿ ಇಡಬೇಕು. ಗಂಟಿನಲ್ಲಿ ಕಡಿದ ಎಳೆಯ ತುದಿಗಳು ಎಲ್ಲ ಮೈಯಲ್ಲೂ ಇರುವುದರಿಂದ ಎರಡು ತುದಿಗೆ ಮಾತ್ರ ಮೇಣ ಹಚ್ಚಿದರೆ ಸಾಲದು. ಶಿರಸಿ, ಸಿದ್ದಾಪುರದ ಕಡೆಯ ಹಳೆಯ ಮನೆಗಳಲ್ಲಿ ಅಡಿಗೆಮನೆಯ ಮೇಲಿನ ಅಟ್ಟಕ್ಕಿಂತ ಒಳ್ಳೆಯ ಜಾಗವಿಲ್ಲ: ಬಿಸಿ ಅತಿಯಾಗುವುದಿಲ್ಲ, ಹೊಗೆಗೆ ಹುಳುವೂ ಹತ್ತಿರ ಸುಳಿಯುವುದಿಲ್ಲ. ಪ್ರತಿ ತುಂಡಿನ ಮೇಲೆ ತೂಕ ಮತ್ತು ತಾರೀಖನ್ನು ಬರೆದಿಟ್ಟು, ತಿಂಗಳಿಗೊಮ್ಮೆ ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಬೇಕು. ತೂಕ ಇಳಿಯುವುದು ನಿಂತರೆ ಮರ ಊರಿನ ಗಾಳಿಗೆ ಹೊಂದಿಕೊಂಡಿದೆ ಎಂದರ್ಥ. ಇದಕ್ಕೆ ಹಲವು ತಿಂಗಳುಗಳೇ ಬೇಕು, ಅವಸರಕ್ಕೆ ಬಿಸಿಲಿಗಿಟ್ಟರೆ ಬಿರುಕು ಖಂಡಿತ.

ಮೆದುವಾದ, ರಂಧ್ರ ಹೆಚ್ಚಿರುವ ಗಂಟಿಗೆ, ರಂಧ್ರ ತುಂಬಿ ತೇವದ ಓಡಾಟ ತಗ್ಗಲೆಂದು, ರೆಸಿನ್ (ಗಟ್ಟಿಯಾದರೆ ಪ್ಲಾಸ್ಟಿಕ್ಕಿನಂತಾಗುವ ದ್ರವ) ಕುಡಿಸುವುದು ಸೂಕ್ತ. ಶಾಖಕ್ಕೆ ಗಟ್ಟಿಯಾಗುವ, ನೀರಿನಂತೆ ತೆಳುವಾದ ರೆಸಿನ್ ಇದಕ್ಕೆಂದೇ ಸಿಗುತ್ತದೆ. ಮೊದಲು ಮೇಣವನ್ನು ಹೆರೆದು ತೆಗೆದು, ತುಂಡನ್ನು ಪುಟ್ಟ ಓವನ್‌ನಲ್ಲಿ 100ರಿಂದ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೂಕ ಪೂರ್ತಿ ಸ್ಥಿರವಾಗುವವರೆಗೆ, ಸಾಮಾನ್ಯವಾಗಿ ಒಂದು ಇಡೀ ದಿನ, ಒಣಗಿಸಬೇಕು. ಹೊರತೆಗೆದ ತಕ್ಷಣ ಗಾಳಿಯಾಡದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಅದರೊಳಗೇ ಆರಲು ಬಿಡಬೇಕು. ನಮ್ಮ ಹವೆಯಲ್ಲಿ ಮೇಜಿನ ಮೇಲೆ ಬಿಟ್ಟ ತುಂಡು ಒಂದೇ ರಾತ್ರಿಯಲ್ಲಿ ಮತ್ತೆ ತೇವ ಹೀರಿಕೊಳ್ಳತೊಡಗುತ್ತದೆ. ಆರಿದ ತುಂಡನ್ನು ರೆಸಿನ್‌ನಲ್ಲಿ ಪೂರ್ತಿ ಮುಳುಗುವಂತೆ ಭಾರವಿಟ್ಟು, ವ್ಯಾಕ್ಯೂಮ್ ಪಂಪಿನಿಂದ ಗಾಳಿ ಎಳೆಯಬೇಕು. ಎಸಿ ರಿಪೇರಿ ಮಾಡುವವರು ಬಳಸುವ ಪಂಪೇ ಸಾಕು, ಆದರೆ ಪಾತ್ರೆ ಇದಕ್ಕಾಗಿಯೇ ಮಾಡಿದ್ದಿರಬೇಕು. ಉಪ್ಪಿನಕಾಯಿಯ ಗಾಜಿನ ಭರಣಿ ಒಳಕ್ಕೆ ಕುಸಿದು ಸಿಡಿಯಬಹುದು. ಗುಳ್ಳೆ ಏಳುವುದು ನಿಲ್ಲುವವರೆಗೆ ಪಂಪ್ ಓಡಬೇಕು. ನಿಜವಾಗಿ ರೆಸಿನ್ ಒಳಹೋಗುವುದು ಪಂಪ್ ನಿಲ್ಲಿಸಿ ಗಾಳಿ ಬಿಟ್ಟ ಮೇಲೆಯೇ ಆದ್ದರಿಂದ, ಗುಳ್ಳೆ ಬಿಡಲು ತೆಗೆದುಕೊಂಡ ಹೊತ್ತಿನ ಎರಡರಷ್ಟು ಕಾಲ ತುಂಡನ್ನು ಹಾಗೆಯೇ ನೆನೆಯಲು ಬಿಡಬೇಕು. ಬಳಿಕ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, 90ರಿಂದ 95 ಡಿಗ್ರಿಯಲ್ಲಿ ರೆಸಿನ್ ಗಟ್ಟಿಯಾಗುವವರೆಗೆ ಕಾಯಿಸಬೇಕು. ಈ ಓವನ್ ಮತ್ತೆ ಅಡಿಗೆಗೆ ಬರುವುದಿಲ್ಲ ಎಂಬುದನ್ನು ಮನೆಯವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಹುಣಸೆ, ಬೀಟೆಯಂಥ ಗಟ್ಟಿ ಮರಗಳು ರೆಸಿನ್ ಕುಡಿಯುವುದು ಕಡಿಮೆ. ಅವಕ್ಕೆ ಈ ಖರ್ಚು ಬೇಕಾಗಿಲ್ಲ. ರೆಸಿನ್ ಕುಡಿಸದ ಹಿಡಿಯನ್ನು ನವೆಂಬರ್ ಸುಮಾರಿಗೆ, ಹವೆ ಎರಡು ಅತಿಗಳ ನಡುವೆ ಇರುವಾಗ ಕೂಡಿಸಿದರೆ ಹಿಗ್ಗು ಕುಗ್ಗು ಎರಡೂ ಮಿತಿಯಲ್ಲಿರುತ್ತವೆ.

ಇನ್ನು ಜೋಡಣೆ. ಹಿಂದೆ ಆಚಾರಿಗಳು ಕತ್ತಿಯ ಮೊನಚು ಬಾಲವನ್ನು, ಅಂದರೆ ಹಿಡಿಯೊಳಗೆ ಹೋಗುವ ಭಾಗವನ್ನು, ಕಾಯಿಸಿ, ಅರಗು ತುಂಬಿದ ತೂತಿಗೆ ಇಳಿಸುತ್ತಿದ್ದರು. ಇಲ್ಲಿ ಹೇಳುತ್ತಿರುವುದು ಹಿಡಿಯಷ್ಟೇ ಅಗಲದ ಚಪ್ಪಟೆ ಬಾಲಕ್ಕೆ ಎರಡೂ ಬದಿಯಿಂದ ಪಟ್ಟಿ ಕೂಡಿಸುವ ವಿಧಾನ. ತುಂಡನ್ನು ದಪ್ಪದ ನಡುವೆ ಸೀಳಿ ತೆರೆದರೆ ಎರಡು ಪಟ್ಟಿಗಳಲ್ಲಿ ಒಂದರ ಪ್ರತಿಬಿಂಬದಂತೆ ಇನ್ನೊಂದರ ಸುಳಿ ಕಾಣುತ್ತದೆ. ಸೀಳಿದ ಮೈಗಳೇ ಹೊರಗೆ ಬರುವಂತೆ ಮೊದಲೇ ಗುರುತು ಹಾಕಿಕೊಳ್ಳಬೇಕು. ಉಕ್ಕಿಗೆ ತಾಗುವ ಮೈಯನ್ನು ಗಾಜಿನ ಮೇಲೆ ಅಂಟಿಸಿದ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಚಪ್ಪಟೆ ಮಾಡಿ, ಬಾಲದ ತೂತುಗಳ ಮೂಲಕವೇ ಮರಕ್ಕೆ ಡ್ರಿಲ್ ಇಳಿಸಬೇಕು. ಪಟ್ಟಿಗಳ ಅಲಗಿನ ಕಡೆಯ ತುದಿಯನ್ನು ಅಂಟಿಸುವ ಮೊದಲೇ ನಯಗೊಳಿಸಿ ಮುಗಿಸಬೇಕು, ಆಮೇಲೆ ಅಲ್ಲಿಗೆ ಕೈ ಹಾಕಿದರೆ ಅಲಗು ಗೀರಾಗುತ್ತದೆ.

ಅಂಟಿಗೆ ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ ಬೇಡ. ಒಂದು ದಿನ ಹಿಡಿಯುವ ನಿಧಾನದ್ದೇ ಬಲವಾದದ್ದು. ಉಕ್ಕನ್ನು ಒರಟು ಪೇಪರಿನಲ್ಲಿ ಗೀರಿ, ಎರಡೂ ಮೈಗಳನ್ನು ಅಸಿಟೋನ್‌ನಲ್ಲಿ ಒರೆಸಬೇಕು. ತೇಗ, ಬೀಟೆಗಳಲ್ಲಿ ಸಹಜವಾಗಿ ಎಣ್ಣೆಯಂಶ ಇರುವುದರಿಂದ ಅವನ್ನು ಒರೆಸಿದ ಕೂಡಲೇ ಅಂಟಿಸಬೇಕು. ಕ್ಲ್ಯಾಂಪನ್ನು ಅತಿಯಾಗಿ ಬಿಗಿದರೆ ಅಂಟೆಲ್ಲ ಹೊರಬಂದು ಜೋಡಣೆ ಬರಿದಾಗುತ್ತದೆ. ಪಟ್ಟಿ, ಬಾಲಗಳ ತೂತಿನಲ್ಲಿ ಹಾಯಿಸುವ ಪಿನ್ನಿಗೆ ಹಿತ್ತಾಳೆ ಚೆಂದ ನಿಜ, ಆದರೆ ಕಡಲ ಗಾಳಿಗೆ ಅದು ಕಿಲುಬು ಹಿಡಿಯುತ್ತದೆ. ಸ್ಟೇನ್‌ಲೆಸ್ ಉಕ್ಕು ವಾಸಿ.

ಶಿರಸಿ, ಕುಮಟಾದ ಗುಡಿಗಾರರ ಉಳಿಗೆ ಶ್ರೀಗಂಧ ಸಲೀಸಾಗಿ ಒಲಿಯುತ್ತದೆ. ಗಂಟು ಹಾಗಲ್ಲ, ಎಳೆ ತಿರುಗಿದಲ್ಲೆಲ್ಲ ಚಕ್ಕೆ ಏಳುತ್ತದೆ. ಆದ್ದರಿಂದ ಇಲ್ಲಿ ಅರ ಮತ್ತು ಸ್ಯಾಂಡ್ ಪೇಪರ್‌ಗಳದ್ದೇ ಕೆಲಸ: 80ನೇ ನಂಬರಿನಿಂದ ಶುರುಮಾಡಿ 120, 220, 400 (ನಂಬರ್ ಹೆಚ್ಚಿದಷ್ಟೂ ಪೇಪರ್ ನಯ). ನಡುನಡುವೆ ಚಾಕುವನ್ನು ಹಿಡಿದು ನೋಡಿ, ಕೈಗೆ ಒತ್ತುವ ಕಡೆ ತೆಗೆಯುತ್ತ ಹೋಗಬೇಕು. ಅಲಗಿಗೆ ಮೊದಲೇ ದಪ್ಪನೆಯ ಟೇಪ್ ಸುತ್ತಿರಬೇಕು. 220 ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ನಿಮಿರಿದ ಎಳೆಗಳನ್ನು ಒಣಗಿದ ಬಳಿಕ ಉಜ್ಜಿ ತೆಗೆದರೆ ಮುಂದೆ ನೀರು ತಾಗಿದರೂ ಹಿಡಿ ಒರಟಾಗುವುದಿಲ್ಲ.

ಕೊನೆಗೆ ಎಣ್ಣೆ. ಮನೆಯಲ್ಲಿರುವ ತೆಂಗಿನೆಣ್ಣೆ ಹಿಡಿಗೆ ಸಲ್ಲದು. ಅದು ಗಾಳಿಗೆ ಗಟ್ಟಿಯಾಗುವ ಎಣ್ಣೆಯಲ್ಲ, ಜಿಡ್ಡಾಗಿಯೇ ಉಳಿಯುತ್ತದೆ. ಬೇಗ ಒಣಗುವಂತೆ ಸಂಸ್ಕರಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚಿ, ಕಾಲು ಗಂಟೆಯ ಬಳಿಕ ಮಿಕ್ಕಿದ್ದನ್ನು ಒರೆಸಿ, ದಿನಕ್ಕೊಂದರಂತೆ ನಾಲ್ಕೈದು ಪದರ ಕೊಡಬೇಕು. ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಬಿಸಾಡಿದರೆ ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು. ಹರವಿ ಒಣಗಿಸಿ ಅಥವಾ ನೀರಿನಲ್ಲಿ ಮುಳುಗಿಸಿಡಿ. ಸಿದ್ಧವಾದ ಚಾಕುವನ್ನು ಚರ್ಮದ ಒರೆಯಲ್ಲೇ ಬಿಡಬಾರದು, ಚರ್ಮ ತೇವವನ್ನು ಹಿಡಿದು ಅಲಗಿಗೆ ತುಕ್ಕು ತರಿಸುತ್ತದೆ. ಅಲಗಿಗಾದರೆ ತೆಂಗಿನೆಣ್ಣೆಯ ತೆಳು ಲೇಪ ಧಾರಾಳವಾಗಿ ಆಗುತ್ತದೆ.