ಮಳೆ ನಿಂತಿತು, ಪಿಕಪ್‌ನ ಮುಂದಿನ ಗಾಲಿ ಬಿಚ್ಚಿ

ಪಾನಾದ ಹಿಡಿಕೆಗೆ ಉದ್ದನೆಯ ಪೈಪು ಸಿಕ್ಕಿಸಿ, ಮೈಭಾರವನ್ನೆಲ್ಲ ಹಾಕಿ ಮುಂದಿನ ಗಾಲಿಯ ಹಬ್ (ಗಾಲಿಯ ನಡುವಿನ ಗುಂಬ) ನಟ್ ಬಿಗಿ ಮಾಡುವವರನ್ನು ಹುಬ್ಬಳ್ಳಿ–ಗದಗ ರಸ್ತೆಯ ಶೆಡ್ಡುಗಳಲ್ಲಿ ಎಷ್ಟು ಬೇಕಾದರೂ ನೋಡಬಹುದು. ‘ಇನ್ನ ಗಾಲಿ ಅಲ್ಲಾಡಂಗಿಲ್ಲ ನೋಡ್ರಿ’ ಎಂದು ಮಾಲೀಕನ ಕೈಗೆ ಚಾವಿ ಕೊಡುತ್ತಾರೆ. ಅಲ್ಲಾಡುವುದಿಲ್ಲ, ನಿಜ. ಆದರೆ ಉಳ್ಳಾಗಡ್ಡಿ ಹೇರಿಕೊಂಡು ಗದಗಿನಿಂದ ಹೊರಟ ಗಾಡಿ ಅಣ್ಣಿಗೇರಿ ದಾಟುವಷ್ಟರಲ್ಲಿ ಹಬ್ ಕೈ ಇಡಲಾಗದಷ್ಟು ಕಾದಿರುತ್ತದೆ. ಬೇರಿಂಗ್ ನೀಲಿಗಟ್ಟಿದ ಮೇಲೆ ಬೈಗುಳವೆಲ್ಲ ಬೇರಿಂಗ್ ಕಂಪನಿಗೆ.

ಪಿಕಪ್‌ನ ವಾರ್ಷಿಕ ಸರ್ವಿಸ್‌ಗೆ ನಮ್ಮ ಸೀಮೆಯಲ್ಲಿ ಸರಿಯಾದ ಹೊತ್ತು ದೀಪಾವಳಿಯ ಆಸುಪಾಸು. ಮಳೆ ನಿಂತಿರುತ್ತದೆ, ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಸಾಗಿಸುವ ಗದ್ದಲ ಇನ್ನೂ ಶುರುವಾಗಿರುವುದಿಲ್ಲ. ನಾಲ್ಕು ತಿಂಗಳು ಎರೆಮಣ್ಣಿನ ರಾಡಿಯಲ್ಲಿ, ಬೆಣ್ಣೆಹಳ್ಳದಂಥ ಹಳ್ಳಗಳ ಮುಳುಗುಸೇತುವೆಯ ನೀರಿನಲ್ಲಿ ಓಡಿದ ಗಾಡಿಯ ಹಬ್ ಒಳಗೆ ಏನಾಗಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಓಡಿ ಓಡಿ ಕಾದ ಹಬ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಹಾಗೆ ಕುಗ್ಗುವಾಗ ಆಯಿಲ್ ಸೀಲ್‌ನ ಸಂದಿನಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಸೀಲ್ ಹಳೆಯದಾಗಿದ್ದರೆ ಕೇಳುವುದೇ ಬೇಡ. ಬಂದ ನೀರು ಗ್ರೀಸಿನೊಡನೆ ಕಲೆಸಿಕೊಂಡು ಅಲ್ಲೇ ಕುಳಿತಿರುತ್ತದೆ. ಗಾಡಿ ನಿಂತ ದಿನಗಳಲ್ಲಿ ತುಕ್ಕು ತನ್ನ ಕೆಲಸ ಮಾಡುತ್ತದೆ.

ಉಳಿದ ಕೆಲಸಗಳನ್ನು ಮೊದಲು ಮುಗಿಸಿಬಿಡೋಣ. ಎಂಜಿನ್ ಆಯಿಲ್ ಮತ್ತು ಅದರ ಫಿಲ್ಟರ್ ಜೊತೆಯಾಗಿ ಬದಲಾಗಬೇಕು. ಹಳೆಯ ಫಿಲ್ಟರ್ ಬಿಟ್ಟು ಹೊಸ ಆಯಿಲ್ ಹಾಕುವುದು ಉಳಿತಾಯವಲ್ಲ. ಡೀಸೆಲ್ ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ನೀರು ಇಳಿಸಿ. ಏರ್ ಫಿಲ್ಟರಿಗೆ ಗಾಳಿ ಹೊಡೆಯುವುದಾದರೆ ಒಳಗಿನಿಂದ ಹೊರಕ್ಕೆ, ಕಡಿಮೆ ಒತ್ತಡದಲ್ಲಿ. ಒಕ್ಕಣೆ ಕಣದ ದೂಳು ಕುಡಿದ ಫಿಲ್ಟರ್ ಆದರೆ ನಾನು ಗಾಳಿ ಹೊಡೆಯುವುದಿಲ್ಲ, ಎಸೆಯುತ್ತೇನೆ. ಹಿಂದಿನ ಡಿಫರೆನ್ಷಿಯಲ್‌ನ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅಲ್ಲಿಗೂ ನೀರು ಹೋಗಿದೆ ಎಂದರ್ಥ. ಆಯಿಲ್ ಬದಲಿಸಿ, ಆಕ್ಸಲ್ ಮೇಲೆ ಗಾಳಿಯಾಡಲು ಇರುವ ಬ್ರೀದರ್ ಕೆಸರಿನಿಂದ ಮುಚ್ಚಿದೆಯೇ ನೋಡಿ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗೆ (ನಾಲ್ಕು ತುದಿಯ ಕೀಲು) ಗ್ರೀಸ್ ತುಂಬುವ ನಿಪ್ಪಲ್ ಇದ್ದರೆ ನಾಲ್ಕೂ ತುದಿಯಿಂದ ಹಳೆಯ ಗ್ರೀಸ್ ಹೊರಬರುವ ತನಕ ಗನ್ ಒತ್ತಿ. ಮೂರು ತುದಿಯಿಂದ ಬಂತು, ಸಾಕು ಎನ್ನಬೇಡಿ. ಬಾರದ ಆ ನಾಲ್ಕನೆಯದೇ ಮೊದಲು ಒಣಗಿ ಸಾಯುತ್ತದೆ.

ಬ್ರೇಕ್ ಆಯಿಲ್ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು, ತೇವ ಕುಡಿದದ್ದು 155 ಡಿಗ್ರಿಯ ಸುಮಾರಿಗೇ ಕುದಿಯಬಹುದು. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಪೆಡಲ್ ಮೆತ್ತಗಾಗಿ ಕಾಲಡಿಯಲ್ಲಿ ತಳ ಸೇರುವುದಕ್ಕೆ ಇದೂ ಒಂದು ಕಾರಣ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಅರ್ಧ ಖಾಲಿಯಾಗಿ ಮುಚ್ಚಳ ಸಡಿಲಾದ, ಶೆಡ್ಡಿನ ಕಿಟಕಿಯಲ್ಲಿ ಕುಳಿತ ಡಬ್ಬಿಯಿಂದ ಹಾಕಿಸಿಕೊಳ್ಳಬೇಡಿ.

ಹೊಗೆ ಶುದ್ಧೀಕರಿಸಲು ಬೇಕಾದ ಡೆಫ್ ದ್ರವದ ಟ್ಯಾಂಕ್ ಇರುವ ಗಾಡಿಯವರಿಗೆ ಒಂದು ಮಾತು: ಡೆಫ್ ಎಂದರೆ ಶುದ್ಧ ನೀರಿನಲ್ಲಿ ಕರಗಿಸಿದ 32.5 ಶೇಕಡಾ ಶುದ್ಧ ಯೂರಿಯಾ. ಹೊಲಕ್ಕೆ ತಂದ ಚೀಲದ ಯೂರಿಯಾ ಅಲ್ಲ. ಅದಕ್ಕೆ ಬೇವಿನೆಣ್ಣೆಯ ಲೇಪ ಇರುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಅದನ್ನು ಕದಡಿ ಸುರಿದರೆ ಹೊಗೆ ಶುದ್ಧೀಕರಿಸುವ ಇಡೀ ವ್ಯವಸ್ಥೆ ಕಟ್ಟಿಕೊಳ್ಳುತ್ತದೆ.

ಈಗ ಗಾಲಿಗೆ ಬರೋಣ.

ನಮ್ಮ ಕಡೆ ಓಡುವ ಹೆಚ್ಚಿನ ಪಿಕಪ್‌ಗಳಲ್ಲಿ ಎಂಜಿನ್ನಿನ ಎಳೆತ ಹಿಂದಿನ ಗಾಲಿಗೆ ಮಾತ್ರ. ಮುಂದಿನ ಹಬ್‌ನಲ್ಲಿ ಒಳಗೊಂದು, ಹೊರಗೊಂದು ಟೇಪರ್ ರೋಲರ್ ಬೇರಿಂಗ್, ಹಿಂಬದಿಗೆ ಒಂದು ಆಯಿಲ್ ಸೀಲ್, ಎದುರಿಗೆ ನಟ್ ಮತ್ತು ಅದರ ಮೇಲೆ ಕ್ಯಾಪ್ ಇರುತ್ತವೆ. ಕೆಲವು ಹೊಸ ಮಾದರಿಗಳಲ್ಲಿ ಸೀಲ್ ಮಾಡಿದ ಹಬ್ ಯುನಿಟ್ ಬಂದಿದೆ. ಅದರಲ್ಲಿ ಗ್ರೀಸ್ ತುಂಬುವ ಪ್ರಶ್ನೆಯೇ ಇಲ್ಲ, ಶಬ್ದ ಬಂದರೆ ಇಡಿಯಾಗಿ ಬದಲಿಸುವುದು. ನಿಮ್ಮದು ಯಾವುದು ಎಂದು ಮ್ಯಾನುವಲ್ ನೋಡಿ ತಿಳಿದುಕೊಂಡೇ ಕೈ ಹಚ್ಚಿ.

ಬಿಚ್ಚುವ ಮೊದಲು ಪರೀಕ್ಷೆ. ಸಮತಟ್ಟಾದ ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಗಾಲಿಗಳಿಗೆ ಕಲ್ಲು ಕೊಡಿ. ಜಾಕ್ ಎತ್ತಿದ ಮೇಲೆ ಸ್ಟ್ಯಾಂಡ್ ಇಡಿ; ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬೇಡಿ. ಗಾಲಿಯನ್ನು ಮೇಲೆ ಮತ್ತು ಕೆಳಗೆ ಹಿಡಿದು ಅಲುಗಾಡಿಸಿ. ಆಟ, ಅಂದರೆ ಸಡಿಲಿನ ಅಲುಗಾಟ, ಕಂಡುಬಂದರೆ ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೊಮ್ಮೆ ಅಲುಗಾಡಿಸಿ. ಆಟ ನಿಂತುಹೋಯಿತೇ? ಅದು ಬೇರಿಂಗಿನದು. ಬ್ರೇಕ್ ಒತ್ತಿದರೂ ಇದೆಯೇ? ಗಾಲಿ ಹೊರಳುವ ಕೀಲು, ಅಂದರೆ ಕಿಂಗ್‌ಪಿನ್ ಅಥವಾ ಬಾಲ್ ಜಾಯಿಂಟ್ ಸವೆದಿದೆ, ಹಬ್ ನಟ್ ಎಷ್ಟು ಬಿಗಿದರೂ ಅದು ಹೋಗುವುದಿಲ್ಲ. ಈ ಸಣ್ಣ ಪರೀಕ್ಷೆ ಮಾಡದೆ ಬೇರಿಂಗ್ ಬದಲಿಸಿ, ದುಡ್ಡು ಕಳೆದುಕೊಂಡವರು ಬಹಳ. ಇನ್ನೊಂದು: ಗಾಲಿ ತಿರುಗಿಸುತ್ತ ಮತ್ತೊಂದು ಕೈಯನ್ನು ಸ್ಪ್ರಿಂಗ್ ಮೇಲಿಡಿ. ಕೆಟ್ಟ ಬೇರಿಂಗಿನ ಗರಗರ ಕಿವಿಗೆ ಕೇಳುವ ಮೊದಲೇ ಅಂಗೈಗೆ ತಿಳಿಯುತ್ತದೆ.

ಬಿಚ್ಚುವುದು ಸುಲಭ. ಗಾಲಿ, ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಹಿಡಿದಿರುವ ಭಾಗ), ಕ್ಯಾಪ್, ಸ್ಪ್ಲಿಟ್ ಪಿನ್ (ನಟ್ ತಿರುಗದಂತೆ ತಡೆಯುವ ಕವಲುಪಿನ್), ನಟ್, ವಾಶರ್. ಕ್ಯಾಲಿಪರನ್ನು ತಂತಿಯಿಂದ ಕಟ್ಟಿ ತೂಗುಹಾಕಿ, ಬ್ರೇಕ್ ಪೈಪಿನ ಮೇಲೆ ಜೋತುಬಿಡಬೇಡಿ. ಎಡಗಾಲಿಯ ಬೇರಿಂಗ್ ಬಲಕ್ಕೆ, ಒಳಗಿನದು ಹೊರಕ್ಕೆ ಬೆರೆಯದಂತೆ ಬೇರೆ ಬೇರೆ ತಟ್ಟೆಯಲ್ಲಿಡಿ; ಓಡಿದ ರೋಲರ್ ತನ್ನದೇ ಕಪ್‌ಗೆ (ಹಬ್‌ನಲ್ಲಿ ಕೂತ ಬೇರಿಂಗಿನ ಹೊರಬಳೆ) ಹೊಂದಿಕೊಂಡಿರುತ್ತದೆ. ಆಯಿಲ್ ಸೀಲ್ ಕಿತ್ತು ಎಸೆಯಿರಿ. ‘ಚಲೋ ಐತಲ್ರೀ, ಇದನ್ನ ಹಾಕೂಣು’ ಎನ್ನುವ ಮಿಸ್ತ್ರಿಯ ಮಾತು ಕೇಳಬೇಡಿ. ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಅಗ್ಗದ ಸಾಮಾನು ಅದು, ನೀರು ತಡೆಯುವುದೂ ಅದೇ.

ಹಳೆಯ ಗ್ರೀಸನ್ನು ಒರೆಸುವ ಮುನ್ನ ಬೆಳಕಿಗೆ ಹಿಡಿದು ನೋಡಿ. ಬೆಳ್ಳಗೆ ಹಾಲಿನಂತಿದ್ದರೆ ನೀರು, ಕೆಂಪು ಕಂದಾಗಿದ್ದರೆ ತುಕ್ಕು, ಕಪ್ಪಾಗಿ ನಡುವೆ ಮಿಣಮಿಣ ಮಿನುಗಿದರೆ ಲೋಹದ ಪುಡಿ. ಮೂರನೆಯದಾದರೆ ಅಂಗಡಿಗೆ ಹೊರಡಬಹುದು. ಇಲ್ಲದಿದ್ದರೆ ಬೇರಿಂಗನ್ನು ಡೀಸೆಲ್‌ನಲ್ಲಿ ಅದ್ದಿ, ಬ್ರಷ್‌ನಿಂದ ಉಜ್ಜಿ, ಹಬ್‌ನ ಒಳಗಿನ ಹಳೆಯ ಗ್ರೀಸನ್ನೂ ಪೂರ್ತಿ ತೆಗೆಯಿರಿ. ಒಣಗಿಸಲು ಎಳೆ ಬಿಡದ ಬಟ್ಟೆ ಬೇಕು, ಹತ್ತಿ ವೇಸ್ಟ್ ಬೇಡ. ಕಂಪ್ರೆಸರ್ ಗಾಳಿ ಹೊಡೆದು ಬೇರಿಂಗನ್ನು ಸುಂಯ್ ಎಂದು ತಿರುಗಿಸುವುದು ಹುಡುಗರಿಗೆ ಆಟ. ರೋಲರುಗಳನ್ನು ಹಿಡಿದಿಡುವ ಕೇಜ್ ಒಡೆದು ರೋಲರ್ ಕಣ್ಣಿಗೆ ಸಿಡಿಯಬಹುದು.

ಶುದ್ಧವಾದ ರೋಲರ್ ಮತ್ತು ಕಪ್ ಮೇಲೆ ಉಗುರು ಎಳೆದು ನೋಡಿ. ಗುಳಿ, ಗೀರು ತಾಗಿದರೆ, ನೀಲಿ ಬಣ್ಣ ಇದ್ದರೆ ಅದು ಮುಗಿಯಿತು. ಮಳೆಗಾಲದ ವಿಶೇಷ ಗುರುತೊಂದಿದೆ: ಕಪ್ಪಿನ ಒಳಮೈಯಲ್ಲಿ ರೋಲರುಗಳ ಅಂತರಕ್ಕೆ ಸರಿಯಾಗಿ ಸಾಲಾಗಿ ಕಪ್ಪು ಗೆರೆಗಳು. ನೀರು ಸೇರಿದ ಗಾಡಿ ಬಹುದಿನ ನಿಂತಲ್ಲೇ ನಿಂತಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಬದಲಿಸುವಾಗ ರೋಲರ್ ಮತ್ತು ಕಪ್ ಎರಡನ್ನೂ ಸೇರಿಸಿಯೇ ಬದಲಿಸಿ. ಕಪ್ ಕೀಳುವುದು ಕಷ್ಟ ಎಂದು ಹಳೆಯ ಕಪ್ಪಿನಲ್ಲಿ ಹೊಸ ರೋಲರ್ ಕೂರಿಸಿದರೆ ಕೊಟ್ಟ ಹಣ ಹಳ್ಳಕ್ಕೆ. ಹೊಸ ಕಪ್ಪನ್ನು ಹಿತ್ತಾಳೆ ರಾಡಿನಿಂದ ಸುತ್ತಲೂ ಸಮನಾಗಿ ಬಡಿದು ಇಳಿಸಿ. ತಳಕ್ಕೆ ಕುಳಿತಾಗ ಬಡಿತದ ಶಬ್ದವೇ ಬದಲಾಗುತ್ತದೆ. ಗ್ಯಾಸ್ ಹಚ್ಚಿ ಹಬ್ ಕಾಯಿಸುವವರ ಹತ್ತಿರ ಗಾಡಿ ಬಿಡಬೇಡಿ.

ಅಂಗಡಿಗೆ ಹೋಗುವಾಗ ಗಾಡಿಯ ಹೆಸರು ಹೇಳಿ ಕೇಳಬೇಡಿ. ಹಳೆಯ ಬೇರಿಂಗಿನ ಅಂಚಿನಲ್ಲಿ ಕೆತ್ತಿದ ನಂಬರ್ ಬರೆದುಕೊಂಡು ಹೋಗಿ. ಹೆಸರಾಂತ ಕಂಪನಿಯ ಡಬ್ಬಿಯೊಳಗೆ ಹೆಸರಿಲ್ಲದ ಮಾಲು ಬರುವ ಕಾಲ ಇದು. ಡಬ್ಬಿ ಬಿಚ್ಚಿಸಿ, ಬೇರಿಂಗ್ ಮೇಲೆಯೇ ಕಂಪನಿಯ ಹೆಸರು ಮತ್ತು ನಂಬರ್ ಸ್ಪಷ್ಟವಾಗಿ ಇದೆಯೇ ನೋಡಿ. ಎಸ್‌ಕೆಎಫ್‌ನಂಥ ತಯಾರಕರು ಅಸಲಿಯೇ ಎಂದು ಪರೀಕ್ಷಿಸಲು ಮೊಬೈಲ್ ಆ್ಯಪ್ ಕೂಡ ಕೊಟ್ಟಿದ್ದಾರೆ. ಗಾಡಿ ಕಂಪನಿಯ ಡಬ್ಬಿಯೇ ಬೇಕೆಂದಿಲ್ಲ. ಎಸ್‌ಕೆಎಫ್, ಟಿಮ್ಕನ್, ಜೈಪುರದ ಎನ್‌ಬಿಸಿ ಯಾವುದಾದರೂ ಸರಿ, ಜಿಎಸ್‌ಟಿ ಬಿಲ್ ಕೊಡುವ ಅಂಗಡಿ ಆಗಿರಲಿ. ‘ಬಿಲ್ ಬ್ಯಾಡಂದ್ರ ಕಮ್ಮಿ ಮಾಡ್ತೀನ್ರಿ’ ಎಂದರೆ ಮುಂದಿನ ಅಂಗಡಿಗೆ ನಡೆಯಿರಿ.

ಗ್ರೀಸ್ ವಿಷಯದಲ್ಲಿ ನನ್ನದು ಹಟ. ಲಿಥಿಯಂ ಕಾಂಪ್ಲೆಕ್ಸ್, ಗ್ರೇಡ್ 2 ಅಥವಾ 3, ಸೀಲ್ ಇರುವ ಡಬ್ಬಿ. ಪ್ಲಾಸ್ಟಿಕ್ ಚೀಲದಲ್ಲಿ ತೂಗಿ ಕೊಡುವ ಗ್ರೀಸ್ ಪಾಟಾದ (ಸ್ಪ್ರಿಂಗ್ ಪಟ್ಟಿಯ) ಪಿನ್ನಿಗೂ ಬೇಡ. ಸಾದಾ ಕ್ಯಾಲ್ಸಿಯಂ ಚಾಸಿ ಗ್ರೀಸ್ ನೂರು ಡಿಗ್ರಿಯ ಆಸುಪಾಸಿನಲ್ಲೇ ಕರಗಿ ಹರಿಯುತ್ತದೆ, ಡಿಸ್ಕ್ ಬ್ರೇಕಿನ ಕಾವಿನ ಪಕ್ಕ ಅದು ನಿಲ್ಲುವುದಿಲ್ಲ. ಗ್ರೀಸಿನ ಬಣ್ಣ ನೋಡಿ ಮರುಳಾಗಬೇಡಿ, ನೀಲಿ ಕೆಂಪೆಲ್ಲ ಬರೀ ಬಣ್ಣ. ಹಳೆಯದರ ಮೇಲೆ ಬೇರೆ ಜಾತಿಯ ಗ್ರೀಸ್ ಬೆರೆತರೆ ಎರಡೂ ನೀರಾಗಿ ಸೋರಬಹುದು, ಪೂರ್ತಿ ತೊಳೆಯಬೇಕೆಂದದ್ದು ಅದಕ್ಕೇ.

ಕ್ಯಾಪ್ ಕಿತ್ತು, ಅದರ ತುಂಬ ಗ್ರೀಸ್ ಒತ್ತಿ, ಮತ್ತೆ ಬಡಿದು ಕೂರಿಸಿ ‘ಗ್ರೀಸಿಂಗ್ ಆತು’ ಎನ್ನುವುದು ನಮ್ಮ ಕಡೆಯ ಹಳೆಯ ಚಾಲಾಕಿ. ಆ ಗ್ರೀಸಿನ ಒಂದು ಕಾಳೂ ಒಳಗಿನ ಬೇರಿಂಗ್ ಮುಟ್ಟುವುದಿಲ್ಲ. ಸರಿಯಾದ ರೀತಿ ಇದು: ಎಡ ಅಂಗೈಯಲ್ಲಿ ರೊಟ್ಟಿಯ ಹಿಟ್ಟಿನ ಉಂಡೆಯಷ್ಟು ಗ್ರೀಸ್ ಇಟ್ಟುಕೊಳ್ಳಿ. ಬೇರಿಂಗಿನ ಅಗಲ ಬಾಯಿಯ ಅಂಚನ್ನು ಅದಕ್ಕೆ ಒತ್ತಿ ಕೆರೆಯುತ್ತ ಬನ್ನಿ. ರೋಲರುಗಳ ನಡುವಿನಿಂದ ಮೇಲ್ಬದಿಗೆ ಗ್ರೀಸ್ ಎದ್ದು ಬರಬೇಕು. ಬಂದ ಮೇಲೆ ಸ್ವಲ್ಪ ತಿರುಗಿಸಿ ಪಕ್ಕದ ರೋಲರುಗಳಿಗೆ ಹೋಗಿ. ಹೀಗೆ ಒಂದು ಸುತ್ತು. ಅವಸರ ಬೇಡ. ಕಪ್ಪಿನ ಒಳಮೈಗೆ ತೆಳ್ಳಗೆ ಸವರಿ. ಹಬ್‌ನ ಹೊಟ್ಟೆಯಲ್ಲಿ ಮೂರನೇ ಒಂದು ಭಾಗದಿಂದ ಅರ್ಧದಷ್ಟು ತುಂಬಿದರೆ ಸಾಕು. ಕಂಠಮಟ್ಟ ತುಂಬಿದರೆ ಗ್ರೀಸ್ ಕಲಕಿ ಕಲಕಿ ಕಾಯುತ್ತದೆ, ಹಿಗ್ಗಿ ಸೀಲ್ ದಾಟಿ ಡಿಸ್ಕ್ ಮೇಲೆ ಬರುತ್ತದೆ. ಬ್ರೇಕ್ ಪ್ಯಾಡಿಗೆ ಗ್ರೀಸ್ ತಾಗಿತೋ, ಪ್ಯಾಡ್ ಹೋದಂತೆ.

ಒಳಗಿನ ಬೇರಿಂಗ್ ಇಟ್ಟು, ಹೊಸ ಸೀಲ್‌ನ ತುಟಿ ಒಳಮುಖವಾಗಿರುವಂತೆ, ಚಪ್ಪಟೆ ಹಲಗೆಯಿಟ್ಟು ಸಮನಾಗಿ ತಟ್ಟಿ ಕೂರಿಸಿ. ಸುತ್ತಿಗೆಯಿಂದ ನೇರ ಬಡಿದರೆ ಸೀಲ್ ಡೊಂಕಾಗುತ್ತದೆ. ತುಟಿಗೂ ಸ್ವಲ್ಪ ಗ್ರೀಸ್ ಸವರಿ.

ಇನ್ನು ನಟ್. ಹಬ್ ಕೂರಿಸಿ, ಹೊರ ಬೇರಿಂಗ್, ವಾಶರ್ ಹಾಕಿ, ನಟ್ ಬಿಗಿಯುತ್ತ ಇನ್ನೊಂದು ಕೈಯಿಂದ ಹಬ್ ತಿರುಗಿಸುತ್ತಲೇ ಇರಿ. ತಿರುಗಿಸದೆ ಬಿಗಿದರೆ ರೋಲರ್ ತನ್ನ ಜಾಗಕ್ಕೆ ಬಾರದೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಹಬ್ ತಿರುಗಲು ಭಾರವಾಯಿತು ಎನಿಸಿದಾಗ ನಿಲ್ಲಿಸಿ, ನಟ್ ಪೂರ್ತಿ ಸಡಿಲಿಸಿ. ಎರಡನೇ ಸಲ ಪಾನಾ ಬೇಡ, ಬೆರಳುಗಳಿಂದ ಬಿಗಿಯಿರಿ. ಸ್ಪ್ಲಿಟ್ ಪಿನ್ನಿನ ತೂತು ಕೂಡದಿದ್ದರೆ ಹತ್ತಿರದ ತೂತಿಗೆ ಹಿಂದಕ್ಕೆ ಸರಿಸಿ, ಮುಂದಕ್ಕೆ ಬಿಗಿಯಬೇಡಿ. ಟೇಪರ್ ರೋಲರಿಗೆ ಕೂದಲೆಳೆಯಷ್ಟು ಆಟ ಬೇಕು. ಸಾಮಾನ್ಯವಾಗಿ ಅದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಸುಮಾರು ಅಥವಾ ಅದಕ್ಕೂ ಕಡಿಮೆ, ಕೈಗೆ ತಿಳಿದೂ ತಿಳಿಯದಷ್ಟು. ಓಡುವಾಗ ಕಾವಿಗೆ ಲೋಹ ಹಿಗ್ಗಿ ಆ ಆಟವನ್ನು ತುಂಬುತ್ತದೆ. ಮೊದಲೇ ಬಿಗಿದಿಟ್ಟರೆ ಹಿಗ್ಗಲು ಜಾಗವೆಲ್ಲಿ? ಕೆಲವು ಗಾಡಿಗಳಿಗೆ ಕಂಪನಿಯೇ ಆಟದ ಬದಲು ಸ್ವಲ್ಪ ಬಿಗಿತ ಹೇಳಿರುತ್ತದೆ, ಅಂಥಲ್ಲಿ ಮ್ಯಾನುವಲ್ಲಿನ ಅಳತೆಯೇ ಅಂತಿಮ. ನನ್ನದೂ ಅಲ್ಲ, ಮಿಸ್ತ್ರಿಯದೂ ಅಲ್ಲ.

ಸ್ಪ್ಲಿಟ್ ಪಿನ್ ಹೊಸದೇ ಆಗಬೇಕು. ಮೊಳೆ ಬಗ್ಗಿಸಿ ಹಾಕಿದ್ದನ್ನು, ವೆಲ್ಡಿಂಗ್ ರಾಡಿನ ತುಂಡು ತೂರಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಪಿನ್ ಮುರಿದರೆ ನಟ್ ಬಿಚ್ಚಿಕೊಳ್ಳುತ್ತದೆ, ನಟ್ ಬಿಚ್ಚಿದರೆ ಗಾಲಿ ಗಾಡಿಗಿಂತ ಮುಂದೆ ಓಡುತ್ತದೆ.

ಕ್ಯಾಪ್ ಖಾಲಿಯಾಗಿಯೇ ಇರಲಿ, ಒಳಮೈಗೆ ತುಕ್ಕು ಹಿಡಿಯದಷ್ಟು ಸವರಿದರೆ ಸಾಕು. ಕ್ಯಾಲಿಪರ್ ಕೂರಿಸಿದ ಮೇಲೆ ಗಾಡಿ ಕದಲಿಸುವ ಮೊದಲು ಬ್ರೇಕ್ ಪೆಡಲನ್ನು ಗಟ್ಟಿಯಾಗುವ ತನಕ ಒತ್ತಿ. ಮರೆತರೆ ಶೆಡ್ಡಿನ ಗೋಡೆಯೇ ಬ್ರೇಕು. ಗಾಲಿಯ ನಟ್‌ಗಳನ್ನು ಎದುರುಬದುರಾಗಿ, ಕೊನೆಯ ಬಿಗಿತವನ್ನು ಗಾಲಿ ನೆಲಕ್ಕೆ ಇಳಿದ ಮೇಲೆ.

ಇದೇ ಹೊತ್ತಿನಲ್ಲಿ ‘ಒಂದು ಪಾಟಾ ಜಾಸ್ತಿ ಹಾಕ್ಸೂಣ್ರಿ, ಎರಡು ಟನ್ ಹೊರತೈತಿ’ ಎಂಬ ಸಲಹೆ ಖಂಡಿತ ಬರುತ್ತದೆ. ಪಾಟಾ ಹೆಚ್ಚಿದರೆ ಗಾಡಿ ಕೂರುವುದು ಕಡಿಮೆಯಾಗುತ್ತದೆ, ಅಷ್ಟೇ. ಬೇರಿಂಗ್, ಆಕ್ಸಲ್, ಬ್ರೇಕ್ ಮೊದಲಿನವೇ. ಮೆಣಸಿನಕಾಯಿ ಚೀಲ ನೋಡಲು ಬೆಟ್ಟ, ತೂಕ ಕಡಿಮೆ, ಉಳ್ಳಾಗಡ್ಡಿ ಹಾಗಲ್ಲ. ಗಾಡಿಯ ತೊಟ್ಟಿ ಅರ್ಧ ತುಂಬುವಷ್ಟರಲ್ಲೇ ಆರ್‌ಸಿಯಲ್ಲಿ ಬರೆದ ಭಾರ ಮುಟ್ಟಬಹುದು. ಮುರಿದ ಪಾಟಾ ಬದಲಿಸಿದ್ದರೆ ಮಾತ್ರ, ನಾಲ್ಕೈದು ದಿನ ಓಡಿದ ಮೇಲೆ ಪಾಟಾವನ್ನು ಆಕ್ಸಲ್‌ಗೆ ಕಟ್ಟುವ ಯೂ ಬೋಲ್ಟ್ ಮತ್ತೆ ಬಿಗಿಸಿ. ಹೊಸ ಪಟ್ಟಿಗಳು ಒಂದರ ಮೇಲೊಂದು ಕೂತಾಗ ಅವು ಸಡಿಲಾಗುತ್ತವೆ.

ಕೆಲಸ ಮುಗಿದ ಮೇಲೆ ಖಾಲಿ ಗಾಡಿಯನ್ನು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವಷ್ಟು ದೂರ, ಬ್ರೇಕ್ ಕಡಿಮೆ ಬಳಸಿ ಓಡಿಸಿ. ನಿಲ್ಲಿಸಿದೊಡನೆ ಎರಡೂ ಹಬ್‌ಗಳ ಹತ್ತಿರ ಮೊದಲು ಕೈ ಹಿಡಿದು, ಆಮೇಲೆ ಮುಟ್ಟಿ ನೋಡಿ. ಎರಡೂ ಉಗುರುಬೆಚ್ಚಗೆ ಸಮನಾಗಿರಬೇಕು. ಒಂದೇ ಕಡೆ ಸುಡುತ್ತಿದ್ದರೆ ಒಂದೋ ನಟ್ ಬಿಗಿ, ಇಲ್ಲವೇ ಕ್ಯಾಲಿಪರಿನ ಪಿನ್ ಹಿಡಿದು ಪ್ಯಾಡ್ ಉಜ್ಜುತ್ತಿದೆ. ಜಾಕ್ ಎತ್ತಿ ಗಾಲಿ ತಿರುಗಿಸಿ. ಡಿಸ್ಕ್ ಉಜ್ಜುವ ಶಬ್ದ ಬಂದರೆ ಕ್ಯಾಲಿಪರ್ ನೋಡಿ, ಬಾರದಿದ್ದರೆ ಕ್ಯಾಪ್ ತೆಗೆದು, ಹೊಸ ಸ್ಪ್ಲಿಟ್ ಪಿನ್ ಕೈಯಲ್ಲಿಟ್ಟುಕೊಂಡು, ನಟ್‌ನ ಹೊಂದಾಣಿಕೆಯನ್ನು ಮೊದಲಿನಿಂದ ಮಾಡಿ.