ಲಾನ್ ಹಾಕಿಸೋ ಮುಂಚೆ ಒಂದು ಲೆಕ್ಕ
ಕಲಬುರಗಿಯಲ್ಲಿ ಹೊಸ ಮನೆ ಕಟ್ಟಿಸುತ್ತಿರುವವರು ಅಂಗಳಕ್ಕೆ ಲಾನ್ ಹಾಕಿಸಬೇಡಿ. 500 ಚದರ ಅಡಿ ಹುಲ್ಲಿಗೆ ದಿನಕ್ಕೆ 5 ಮಿಲಿಮೀಟರ್ ನೀರು ಅಂದರೂ ಸುಮಾರು 230 ಲೀಟರ್. ಮೇ ಬಿಸಿಲಲ್ಲಿ ಅದೂ ಸಾಲದು.

ನಾನು ಹುಲ್ಲು ಕಿತ್ತು ಬೇವು, ಕಣಗಿಲೆ ನೆಟ್ಟೆ (ಕಣಗಿಲೆ ವಿಷ, ಚಿಕ್ಕ ಮಕ್ಕಳಿದ್ದರೆ ಬೇಡ). ಓಡಾಡುವಲ್ಲಿ ಶಹಾಬಾದ್ ಕಲ್ಲು. ಮಳೆನೀರು ಇಳಿಯಲಿ ಅಂತ ಸಂದಿಗೆ ಸಿಮೆಂಟ್ ಹಾಕಿಸಲಿಲ್ಲ. ಮೇಸ್ತ್ರಿ ಮುಖ ಸಿಂಡರಿಸಿದ, ಇರಲಿ.

ನಮ್ಮ ಕರಿಮಣ್ಣು ಒಣಗಿದರೆ ಬಿರುಕು ಬಿಡುತ್ತದೆ, ಹಾಕಿದ ನೀರು ಸುಮ್ನೆ ಆ ಬಿರುಕಿಗೆ ಹೋಗುತ್ತದೆ. ಅದಕ್ಕೇ ಗಿಡದ ಸುತ್ತ ಮೂರು ಬೆರಳು ದಪ್ಪ ತೊಗರಿ ಹೊಟ್ಟು ಹರಡಿ, ಕಾಂಡಕ್ಕೆ ತಾಗದಂತೆ. ಮಣ್ಣಿಗೆ ಬೆರಳು ಚುಚ್ಚಿ ನೋಡಿ. ಒಳಗೆ ತೇವ ಇದ್ದರೆ ಅವತ್ತು ನೀರು ಬೇಡ. ಡ್ರಿಪ್ (ಹನಿ ನೀರಾವರಿ) ಇದ್ದರೆ ಬಿಸಿಲೇರುವ ಮುಂಚೆಯೇ ನೀರು ಬಿಡಿ.