ಒಂದೇ ಕಾಗುಣಿತ, ಹಲವು ಅರ್ಥ: ಯುರೋಪಿನ ಭಾಷೆಗಳಲ್ಲಿ ಎಡವದೆ ಓದುವ ಬಗೆ

ಎಸ್, ಎ, ಎಲ್, ಇ ಎಂಬ ನಾಲ್ಕು ಅಕ್ಷರಗಳು ಲಂಡನ್ನಿನ ಅಂಗಡಿಯ ಗಾಜಿನ ಮೇಲಿದ್ದರೆ ಅಲ್ಲಿ ರಿಯಾಯಿತಿ ಮಾರಾಟ ನಡೆದಿದೆ ಎಂದರ್ಥ. ರೋಮ್ ನಗರದ ಅಡುಗೆಮನೆಯ ಡಬ್ಬಿಯ ಮೇಲಿದ್ದರೆ ಒಳಗಿರುವುದು ಉಪ್ಪು. ಪ್ಯಾರಿಸ್ಸಿನಲ್ಲಿ ಅಂಗಿಯ ಬಗ್ಗೆ ಬಂದರೆ ಅದು ಕೊಳೆಯಾಗಿದೆ. ಮ್ಯಾಡ್ರಿಡ್‌ನಲ್ಲಿ ರೈಲಿನ ಬಗ್ಗೆ ಬಂದರೆ ಅದು ಹೊರಡುತ್ತದೆ. ಇಂಗ್ಲಿಷಿನ ಬಲದ ಮೇಲೆ ಯುರೋಪಿನ ಮತ್ತೊಂದು ಭಾಷೆಯನ್ನು ಕಲಿಯಹೊರಟವರು ಇಂಥ ಪದಗಳನ್ನು ಪರಿಚಿತವೆಂದೇ ಭಾವಿಸಿ ನಿಘಂಟನ್ನು ತೆರೆಯುವುದೇ ಇಲ್ಲ, ತಪ್ಪಾಗುವುದು ಅಲ್ಲಿಯೇ.

ಆದ್ದರಿಂದ ಪದದ ಅರ್ಥಕ್ಕಿಂತ ಮೊದಲು ಅದು ಯಾವ ಭಾಷೆಯ ವಾಕ್ಯದಲ್ಲಿ ಕುಳಿತಿದೆ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಇದಕ್ಕೆ ಅಕ್ಕಪಕ್ಕದ ಚಿಕ್ಕ ಪದಗಳೇ ಸಾಕು: ಹಿಂದೆ ‘ಇಲ್’ ಇದ್ದರೆ ಇಟಾಲಿಯನ್, ‘ಎಲ್’ ಇದ್ದರೆ ಸ್ಪ್ಯಾನಿಷ್ ಎಂದು ಊಹಿಸಬಹುದು, ವಾಕ್ಯದ ನಡುವಿನ ನಾಮಪದಗಳೆಲ್ಲ ದೊಡ್ಡಕ್ಷರದಿಂದ ಶುರುವಾಗಿದ್ದರೆ ಅದು ಬಹುಮಟ್ಟಿಗೆ ಜರ್ಮನ್. ಪದದ ಪಕ್ಕದಲ್ಲಿ ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಳ್ಳುವುದೂ ಒಳ್ಳೆಯದು. ರೋಮನ್ ಲಿಪಿ ಒಂದೇ ಆಗಿ ತೋರಿಸುವುದನ್ನು ನಮ್ಮ ಲಿಪಿ ಇಂಗ್ಲಿಷಿನ ‘ಸೇಲ್’, ಫ್ರೆಂಚಿನ ‘ಸಾಲ್’, ಇಟಾಲಿಯನ್ನಿನ ‘ಸಾಲೆ’ ಎಂದು ಬೇರ್ಪಡಿಸುತ್ತದೆ. ಆದರೆ ಸ್ಪ್ಯಾನಿಷ್ ರೂಪವೂ ‘ಸಾಲೆ’ಯೇ ಆಗುವುದರಿಂದ ಉಚ್ಚಾರಣೆಯೊಂದನ್ನೇ ನೆಚ್ಚದೆ, ಪದದೊಂದಿಗೆ ಒಂದು ಪೂರ್ಣ ವಾಕ್ಯವನ್ನೂ ಬರೆದುಕೊಳ್ಳಬೇಕು.

ಮುಂದೆ ನೋಡಬೇಕಾದದ್ದು ಪದಗಳ ಹುಟ್ಟು. ಮೇಲಿನ ನಾಲ್ಕೂ ಬೇರೆ ಬೇರೆ ಮೂಲದವು. ಇಟಾಲಿಯನ್ನಿನ ಉಪ್ಪು ಲ್ಯಾಟಿನ್ನಿನ ಉಪ್ಪಿನಿಂದಲೇ ಬಂದಿದ್ದರೆ, ಸ್ಪ್ಯಾನಿಷಿನ ಕ್ರಿಯಾಪದಕ್ಕೆ ‘ನೆಗೆ’ ಎಂಬರ್ಥದ ಲ್ಯಾಟಿನ್ ಧಾತು ಮೂಲ. ಉಳಿದೆರಡು ಜರ್ಮಾನಿಕ್ ಕಡೆಯಿಂದ ಬಂದರೂ ಅವುಗಳಿಗೆ ತಮ್ಮೊಳಗೆ ಸಂಬಂಧವಿಲ್ಲ. ಇಂಥವನ್ನು ಬಾಯಿಪಾಠ ಮಾಡುವುದಲ್ಲದೆ ಬೇರೆ ದಾರಿಯಿಲ್ಲ. ‘ಗಿಫ್ಟ್’ನ ಕಥೆ ಹಾಗಲ್ಲ. ಇಂಗ್ಲಿಷಿನಲ್ಲಿ ಉಡುಗೊರೆಯಾದ ಈ ಪದ ಜರ್ಮನ್ನಿನಲ್ಲಿ ವಿಷ. ಸ್ವೀಡಿಷಿನಲ್ಲಿ ಇದೇ ಅಕ್ಷರಗಳಿಗೆ ವಿಷ, ಮದುವೆಯಾದವರು ಎಂಬ ಎರಡೂ ಅರ್ಥಗಳಿವೆ (ಸ್ವೀಡನ್ನಿನವರೇ ಇದನ್ನು ಹೇಳಿಕೊಂಡು ನಗುತ್ತಾರೆ). ಎಲ್ಲಕ್ಕೂ ‘ಕೊಡು’ ಎಂಬ ಒಂದೇ ಧಾತು ಮೂಲ: ಕೊಟ್ಟದ್ದು ಉಡುಗೊರೆ, ಧಾರೆಯೆರೆದು ಕೊಟ್ಟರೆ ಮದುವೆ, ಕುಡಿಯಲು ಕೊಟ್ಟ ಮದ್ದು ವಿಷ. ವರದಕ್ಷಿಣೆಗೆ ಜರ್ಮನ್ನರು ಹೇಳುವ ‘ಮಿಟ್‌ಗಿಫ್ಟ್’ ಎಂಬ ಪದದಲ್ಲಿ ಹಳೆಯ ಅರ್ಥ ಇನ್ನೂ ಉಳಿದಿದೆ. ನಮ್ಮಲ್ಲಿ ಭಾಷಣವಾದ ‘ಉಪನ್ಯಾಸ’ ಹಿಂದಿಯಲ್ಲಿ ಕಾದಂಬರಿಯಾದದ್ದನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು.

ಅರ್ಥಗಳು ದೂರವಿದ್ದಷ್ಟೂ ಅಪಾಯ ಕಡಿಮೆ ಎಂಬುದು ನನ್ನ ಅಭಿಪ್ರಾಯ. ‘ಬುರ‍್ರೋ’ ಇಟಲಿಯಲ್ಲಿ ಬೆಣ್ಣೆ, ಸ್ಪೇನಿನಲ್ಲಿ ಕತ್ತೆ. ಬ್ರೆಡ್ಡಿಗೆ ಕತ್ತೆಯನ್ನು ಸವರುವವರು ಯಾರೂ ಇಲ್ಲದಿರುವುದರಿಂದ ಸಂದರ್ಭವೇ ಓದುಗರನ್ನು ಕಾಪಾಡುತ್ತದೆ. ಕಾಯಬೇಕಾದದ್ದು ಎರಡೂ ಅರ್ಥಗಳು ಹೊಂದಿಬಿಡುವ ಪದಗಳನ್ನು. ‘ಲಾರ್ಗೋ’ ಎಂದರೆ ಸ್ಪ್ಯಾನಿಷಿನಲ್ಲಿ ಉದ್ದ, ಇಟಾಲಿಯನ್ನಿನಲ್ಲಿ ಅಗಲ. ಮೇಜಿನ ಅಳತೆಯಲ್ಲಿ ಎರಡೂ ಸಲ್ಲುತ್ತವೆ. ಸ್ಪ್ಯಾನಿಷ್ ಕಡತದ ‘ಆಕ್ಚುವಲ್’ ಬೆಲೆಯು ಇಂಗ್ಲಿಷಿನಂತೆ ನಿಜವಾದ ಬೆಲೆಯಲ್ಲ, ಸದ್ಯದ ಬೆಲೆ.

ಇವೆಲ್ಲಕ್ಕಿಂತ ದುಬಾರಿಯಾಗಬಲ್ಲದ್ದು ‘ಬಿಲಿಯನ್’. ಇಂದಿನ ಇಂಗ್ಲಿಷಿನಲ್ಲಿ ಅದು ನೂರು ಕೋಟಿ. ಅದೇ ಕಾಗುಣಿತದ ಜರ್ಮನ್ ಹಾಗೂ ಫ್ರೆಂಚ್ ಪದ ಮಾತ್ರ ಅದರ ಸಾವಿರಪಟ್ಟು, ಅಂದರೆ ಒಂದು ಲಕ್ಷ ಕೋಟಿ. ಬ್ರಿಟನ್ ಸರ್ಕಾರವೇ 1974ರಲ್ಲಿ ದೊಡ್ಡ ಲೆಕ್ಕವನ್ನು ಬಿಟ್ಟು ಚಿಕ್ಕದಕ್ಕೆ ಬಂದದ್ದರಿಂದ ಹಳೆಯ ಇಂಗ್ಲಿಷ್ ಪುಸ್ತಕಗಳನ್ನು ಓದುವಾಗ ಪ್ರಕಟಣೆಯ ವರ್ಷವನ್ನೂ ಗಮನಿಸಬೇಕು. ಹಣದ ಲೆಕ್ಕವಿರುವ ಅನುವಾದದಲ್ಲಿ ಈ ಪದ ಎದುರಾದರೆ, ಮೂಲದ ಅಂಕಿಯಲ್ಲಿರುವ ಸೊನ್ನೆಗಳನ್ನು ಎಣಿಸಿ, 9 ಇದ್ದರೆ ನೂರು ಕೋಟಿ ಎಂದೂ 12 ಇದ್ದರೆ ಲಕ್ಷ ಕೋಟಿ ಎಂದೂ ಕನ್ನಡದಲ್ಲಿಯೇ ಬರೆಯತಕ್ಕದ್ದು.